ಮೇಷ್ಟ್ರಾಗಿದ್ದ ಅಪ್ಪ ಅಮ್ಮನ ಹೆಸರಲ್ಲಿ ವಿಶ್ವವಿದ್ಯಾಲಯಕ್ಕೊಂದು ದತ್ತಿ: ಯಾವುದು ಉಳಿಯುತ್ತದೆ, ಯಾವುದು ಸೊರಗುತ್ತದೆ

ಮೂವತ್ತು ನಲವತ್ತು ವರ್ಷ ಪಾಠ ಹೇಳಿದ ತಂದೆ ಅಥವಾ ತಾಯಿಯ ಹೆಸರಿನಲ್ಲಿ ವಿಶ್ವವಿದ್ಯಾಲಯದಲ್ಲಿ ಏನಾದರೂ ಮಾಡಬೇಕು ಎಂದು ಹೊರಟ ಮಕ್ಕಳು ಮೊದಲು ಕೇಳುವುದು ‘ಎಷ್ಟು ಕೊಡಬೇಕು?’ ಎಂದು. ಮೊದಲು ಕೇಳಬೇಕಾದದ್ದು ಬೇರೆ: ಇನ್ನು ಇಪ್ಪತ್ತು ವರ್ಷಕ್ಕೆ ಈ ದುಡ್ಡಿನಿಂದ ಏನು ನಡೆಯುತ್ತಿರಬೇಕು? ಕರ್ನಾಟಕದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ದತ್ತಿ ಇಡುವ ವ್ಯವಸ್ಥೆಯನ್ನು ಒಂದು ಸೇವೆ ಎಂದೇ ಹಿಡಿದು, ಅದರ ಒಂದೊಂದು ಬಗೆಯನ್ನೂ ಆ ಪ್ರಶ್ನೆಯಿಂದಲೇ ಇಲ್ಲಿ ತೂಗಿದ್ದೇವೆ. ಪದಕ, ನಗದು ಬಹುಮಾನ, ದತ್ತಿ ಉಪನ್ಯಾಸ, ವಿದ್ಯಾರ್ಥಿ ಸಹಾಯಧನ, ಪುಸ್ತಕ ಸಂಗ್ರಹ, ಅಧ್ಯಯನ ಪೀಠ ಇವಿಷ್ಟೂ ಇಂದು ಸಿಗುವ ಬಗೆಗಳು. ಎಲ್ಲದರ ಹಿಂದಿರುವ ಯಂತ್ರ ಒಂದೇ: ನೀವು ಕೊಟ್ಟ ಇಡಗಂಟನ್ನು ವಿಶ್ವವಿದ್ಯಾಲಯ ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿ ಇಡುತ್ತದೆ, ಬಡ್ಡಿಯಲ್ಲಿ ಕೆಲಸ ನಡೆಸುತ್ತದೆ. ದತ್ತಿಗಳು ಕೆಡುವುದೂ ಈ ಬಡ್ಡಿಯ ಲೆಕ್ಕದಲ್ಲೇ.

ಚಿನ್ನದ ಪದಕದಿಂದ ಶುರು ಮಾಡೋಣ, ಯಾಕೆಂದರೆ ಬಹಳಷ್ಟು ಕುಟುಂಬಗಳು ಮನಸ್ಸಿನಲ್ಲಿಟ್ಟುಕೊಂಡು ಬರುವುದು ಇದನ್ನೇ. ಘಟಿಕೋತ್ಸವದ ವೇದಿಕೆ, ಕೆಂಪು ಹಾಸು, ಅಪ್ಪನ ಹೆಸರು ಮೈಕಿನಲ್ಲಿ. ಆಸೆ ಸಹಜ. ಆದರೆ ಇವತ್ತು ಕೊಡಬಹುದಾದ ದತ್ತಿಗಳಲ್ಲಿ ಅತಿ ದುರ್ಬಲವಾದದ್ದು ಇದು, ಕಾರಣ ಬರೀ ಲೆಕ್ಕ. 2000ನೇ ಇಸವಿಯ ಸುಮಾರಿಗೆ 10 ಗ್ರಾಂ ಚಿನ್ನಕ್ಕೆ 4,400 ರೂಪಾಯಿಯ ಆಸುಪಾಸು, ಠೇವಣಿಗೆ ಶೇ. 10ರ ಹತ್ತಿರ ಬಡ್ಡಿ. ಒಂದು ಲಕ್ಷ ಇಟ್ಟರೆ ವರ್ಷದ ಬಡ್ಡಿ 10,000, ಅಂದರೆ 20 ಗ್ರಾಂಗೂ ಮಿಕ್ಕ ಚಿನ್ನ. 2025ರಲ್ಲಿ ಚಿನ್ನ ಗ್ರಾಂಗೆ 10,000 ರೂಪಾಯಿ ದಾಟಿತು, ಬಡ್ಡಿ ಶೇ. 6.5ರ ಸುತ್ತ ನಿಂತಿತು. ಅದೇ ಒಂದು ಲಕ್ಷಕ್ಕೆ ಈಗ 6,500 ಬರುತ್ತದೆ. ಅದರಲ್ಲಿ ಒಂದು ಗ್ರಾಂ ಚಿನ್ನವೂ ಬಾರದು. ಹಳೆಯ ಪದಕಗಳು ಅನೇಕ ಕಡೆ ಬೆಳ್ಳಿಗೆ ಚಿನ್ನದ ಲೇಪ ಕೊಟ್ಟವಾದದ್ದು, ಕೆಲವು ಬರೀ ಪ್ರಮಾಣಪತ್ರವಾದದ್ದು, ಇನ್ನು ಕೆಲವು ಹೆಸರಿಗೆ ಮಾತ್ರ ಪಟ್ಟಿಯಲ್ಲಿ ಉಳಿದದ್ದು ಹೀಗೆ.

ಇವತ್ತು ನಿಜವಾದ 5 ಗ್ರಾಂ ಪದಕ ಕೊಡಿಸಬೇಕೆಂದರೆ, ಗ್ರಾಂಗೆ 10,000 ಎಂದು ಕಡಿಮೆಯೇ ಹಿಡಿದರೂ ಚಿನ್ನಕ್ಕೆ 50,000, ಶೇ. 3 ಜಿಎಸ್‌ಟಿ 1,500, ಅಚ್ಚು, ಮಜೂರಿ, ಪೆಟ್ಟಿಗೆ ಸೇರಿ ಮತ್ತೊಂದು 4,000, ವರ್ಷಕ್ಕೆ 55,500. ಶೇ. 6.5ರ ಬಡ್ಡಿಯಲ್ಲಿ ಇಷ್ಟು ಹುಟ್ಟಬೇಕಾದರೆ ಎಂಟೂವರೆ ಲಕ್ಷ ರೂಪಾಯಿ ಇಡಗಂಟು ಬೇಕು, ಅದೂ ಚಿನ್ನದ ಬೆಲೆ ಇನ್ನು ಮುಂದೆ ಒಂದು ರೂಪಾಯಿಯೂ ಏರದು ಎಂಬ ನಂಬಿಕೆಯ ಮೇಲೆ. ಅದರ ಜೊತೆಗೆ ಇನ್ನೊಂದು ಸಂಗತಿ. ಮೈಸೂರಿನಂಥ ಹಳೆಯ ವಿಶ್ವವಿದ್ಯಾಲಯದಲ್ಲಿ ಕೆಲವು ವಿಷಯಗಳಿಗೆ ಪದಕಗಳು ಎಷ್ಟು ದಟ್ಟವಾಗಿವೆಯೆಂದರೆ, ಪ್ರಥಮ ಸ್ಥಾನ ಪಡೆದ ಒಬ್ಬರೇ ವಿದ್ಯಾರ್ಥಿ ಹತ್ತಕ್ಕೂ ಹೆಚ್ಚು ಪದಕ ಕೊರಳಿಗೆ ಹಾಕಿಕೊಂಡು ಇಳಿಯುತ್ತಾರೆ. ರಸಾಯನಶಾಸ್ತ್ರಕ್ಕೋ ಕನ್ನಡ ಎಂ.ಎ.ಗೋ ನೀವು ಇನ್ನೊಂದು ಪದಕ ಸೇರಿಸಿದರೆ ಅದೂ ಅದೇ ಕೊರಳಿಗೆ. ಹಿಂದಿನ ಬೆಂಚಿನ ಹುಡುಗನನ್ನು ಸಂಜೆ ಮನೆಗೆ ಕರೆಸಿ ಪಾಠ ಹೇಳಿಕೊಟ್ಟ ಮೇಷ್ಟ್ರ ಹೆಸರು ಅಲ್ಲಿ ಹನ್ನೆರಡನೆಯದಾಗಿ ಓದಿಸಿಕೊಳ್ಳುವುದರಲ್ಲಿ ಅವರ ಕೆಲಸದ ನೆರಳೂ ಇರುವುದಿಲ್ಲ. ಪದಕವೇ ಆಗಬೇಕೆಂದರೆ ಪದಕ ಕಡಿಮೆಯಿರುವ ವಿಷಯ ಹುಡುಕಿ: ಗ್ರಂಥಾಲಯ ವಿಜ್ಞಾನ, ಜಾನಪದ, ಭಾಷಾವಿಜ್ಞಾನ, ಬಿ.ಎಡ್. ಹಿಂದಿನ ಘಟಿಕೋತ್ಸವದ ಪದಕ ಮತ್ತು ಬಹುಮಾನಗಳ ಪಟ್ಟಿ ತರಿಸಿ ಎಣಿಸಿದರೆ ಅರ್ಧ ಗಂಟೆಯಲ್ಲಿ ತಿಳಿಯುತ್ತದೆ. ದತ್ತಿಪತ್ರದಲ್ಲಿ ‘ಚಿನ್ನದ ಪದಕ’ ಎಂದು ಬರೆಯದೆ ‘ಪದಕ’ ಎಂದಷ್ಟೇ ಬರೆಯಿಸಿ.

ನಗದು ಬಹುಮಾನದ್ದು ಬೇರೆ ತೊಡಕು. ಅದು ಕೈಸೇರುವುದು ಘಟಿಕೋತ್ಸವದ ಹೊತ್ತಿಗೆ. ಅಷ್ಟರಲ್ಲಿ ವಿದ್ಯಾರ್ಥಿ ವಿಶ್ವವಿದ್ಯಾಲಯ ಬಿಟ್ಟು ತಿಂಗಳುಗಳೇ ಆಗಿರುತ್ತವೆ. ಓದಿಗೆ ಆ ದುಡ್ಡು ಒದಗುವುದಿಲ್ಲ. ಎರಡು ಮೂರು ಸಾವಿರದ ಬಹುಮಾನವಾದರಂತೂ ಹಳ್ಳಿಯಿಂದ ಬಂದುಹೋಗುವ ಖರ್ಚಿಗೇ ಸರಿಹೋಗುತ್ತದೆ.

ಹಾಗಾದರೆ ಇಡಗಂಟು ಸೊರಗದಂತೆ ನೋಡಿಕೊಳ್ಳುವುದು ಹೇಗೆ? ಬಂದ ಬಡ್ಡಿಯನ್ನೆಲ್ಲ ಖರ್ಚು ಮಾಡಬಾರದು, ಅಷ್ಟೆ. ಐದು ಲಕ್ಷಕ್ಕೆ ಶೇ. 6.5ರಂತೆ ವರ್ಷಕ್ಕೆ 32,500 ಬರುತ್ತದೆ. ಇದರ ಅರ್ಧ 16,250ನ್ನು ಖರ್ಚು ಮಾಡಿ ಉಳಿದರ್ಧವನ್ನು ಮೂಲಧನಕ್ಕೆ ಸೇರಿಸುತ್ತ ಹೋದರೆ, ಬಡ್ಡಿ ದರ ಹೀಗೇ ಇದ್ದಲ್ಲಿ ಇಪ್ಪತ್ತು ವರ್ಷಕ್ಕೆ ಇಡಗಂಟು ಒಂಬತ್ತೂವರೆ ಲಕ್ಷದ ಹತ್ತಿರ ಬರುತ್ತದೆ, ವರ್ಷಕ್ಕೆ ಖರ್ಚಿಗೆ ಸಿಗುವ ಹಣ 30,000 ದಾಟುತ್ತದೆ. ಕಾಲುಭಾಗ ಮಾತ್ರ ಸೇರಿಸಿದರೆ ಇಡಗಂಟು ಆರು ಲಕ್ಷ ತೊಂಬತ್ತು ಸಾವಿರಕ್ಕೆ ನಿಲ್ಲುತ್ತದೆ. ಬೆಲೆಯೇರಿಕೆಯ ಮುಂದೆ ಅದು ಹಿಂದೆ ಬಿದ್ದಂತೆಯೇ. ಏನನ್ನೂ ಸೇರಿಸದಿದ್ದರೆ ಐದು ಲಕ್ಷ ಐದು ಲಕ್ಷವಾಗಿಯೇ ಇರುತ್ತದೆ, ಅದರ ಬಲ ಮಾತ್ರ ವರ್ಷ ವರ್ಷ ಕರಗುತ್ತದೆ. ಅಮೆರಿಕದ ವಿಶ್ವವಿದ್ಯಾಲಯಗಳು ಇಂಥ ನಿಧಿಗಳನ್ನೆಲ್ಲ ಒಟ್ಟು ಸೇರಿಸಿ ಹೂಡಿ, ವರ್ಷಕ್ಕೆ ಸಾಮಾನ್ಯವಾಗಿ ಶೇ. 4ರಿಂದ 5ರಷ್ಟನ್ನು ಮಾತ್ರ ಹೊರತೆಗೆಯುತ್ತವೆ. ಅವರ ನಿಧಿಗಳು ತಲೆಮಾರು ದಾಟುವುದಕ್ಕೆ ಈ ಕಟ್ಟುನಿಟ್ಟು ದೊಡ್ಡ ಕಾರಣ. ನಮ್ಮಲ್ಲಿ ಇದನ್ನು ಯಾರೂ ತಾವಾಗಿ ಮಾಡಿಕೊಡುವುದಿಲ್ಲ, ದತ್ತಿಪತ್ರದಲ್ಲಿ ಬರೆಯಿಸಬೇಕು. ಅದಕ್ಕೆ ಈ ಒಂದು ವಾಕ್ಯ ಸಾಕು: ‘ವಾರ್ಷಿಕ ಬಡ್ಡಿಯ ಶೇ. 50ನ್ನು ದತ್ತಿಯ ಉದ್ದೇಶಕ್ಕೆ ಬಳಸಿ, ಉಳಿದ ಶೇ. 50 ಹಾಗೂ ಯಾವುದೇ ವರ್ಷ ಬಳಕೆಯಾಗದೆ ಉಳಿದ ಮೊತ್ತವನ್ನು ಮಾರ್ಚ್ 31ಕ್ಕೆ ಮೂಲಧನಕ್ಕೆ ಸೇರಿಸತಕ್ಕದ್ದು.’

ನಮ್ಮ ಮೆಚ್ಚುಗೆ ಪೂರ್ತಿಯಾಗಿ ಸಲ್ಲುವುದು ವಿದ್ಯಾರ್ಥಿ ಸಹಾಯಧನಕ್ಕೆ. ಸೆಮಿಸ್ಟರ್ ಶುರುವಿನಲ್ಲೇ ಕೈಗೆ ಬರುವ 8,000 ರೂಪಾಯಿ ಹಾಸ್ಟೆಲ್ ಊಟದ ಎರಡು ಮೂರು ತಿಂಗಳ ಬಿಲ್ಲನ್ನು ಹೊರುತ್ತದೆ. ಪರೀಕ್ಷಾ ಶುಲ್ಕ ಕಟ್ಟಲಾಗದೆ ಹಾಲ್ ಟಿಕೆಟ್ ತಪ್ಪುವ ಹುಡುಗಿಯನ್ನು ತರಗತಿಯಲ್ಲಿ ಉಳಿಸುತ್ತದೆ. ಮೇಷ್ಟ್ರು ತಮ್ಮ ಕೈಯಿಂದ ಮಾಡುತ್ತಿದ್ದದ್ದೂ ಇದನ್ನೇ ಅಲ್ಲವೇ? ಐದು ಲಕ್ಷದ ಇಡಗಂಟಿನ ಅರ್ಧ ಬಡ್ಡಿಯಲ್ಲಿ ಹೀಗೆ ಇಬ್ಬರನ್ನು ನೋಡಿಕೊಳ್ಳಬಹುದು.

ಇದರಲ್ಲೂ ಎಡವುವ ಜಾಗಗಳಿವೆ. ಮೊದಲನೆಯದು ಹೆಸರಿಡುವುದರಲ್ಲಿ. ಕೆಲವು ಸರ್ಕಾರಿ ವಿದ್ಯಾರ್ಥಿವೇತನಗಳಿಗೆ ‘ಬೇರೆ ವಿದ್ಯಾರ್ಥಿವೇತನ ಪಡೆಯುತ್ತಿರಬಾರದು’ ಎಂಬ ಷರತ್ತು ಇರುತ್ತದೆ. ನಿಮ್ಮ 8,000 ಪಡೆದದ್ದರಿಂದ ಆ ವಿದ್ಯಾರ್ಥಿಯ ದೊಡ್ಡ ಮೊತ್ತ ತಪ್ಪಿಹೋದರೆ ಉಪಕಾರ ಅಪಕಾರವಾಗುತ್ತದೆ. ‘ಪುಸ್ತಕ ಮತ್ತು ಪರೀಕ್ಷಾ ಶುಲ್ಕ ಸಹಾಯಧನ’ ಎಂದು ಉದ್ದೇಶವನ್ನೇ ಹೆಸರಾಗಿಡಿ, ಮತ್ತು ವಿಭಾಗದ ಕಚೇರಿಯಲ್ಲಿ ಆ ವರ್ಷದ ಷರತ್ತುಗಳನ್ನು ಪರಿಶೀಲಿಸಿ ಕೊಡುವಂತೆ ಕೇಳಿ. ಎರಡನೆಯದು ಆಯ್ಕೆ. ‘ಬಡ, ಪ್ರತಿಭಾವಂತ ವಿದ್ಯಾರ್ಥಿ’ ಎಂದಷ್ಟೇ ಬರೆದರೆ ಪ್ರತಿ ವರ್ಷ ಜಗಳ. ಬಡತನಕ್ಕೆ ತಹಶೀಲ್ದಾರರ ಆದಾಯ ಪ್ರಮಾಣಪತ್ರ, ಪ್ರತಿಭೆಗೆ ಹಿಂದಿನ ಸೆಮಿಸ್ಟರಿನಲ್ಲಿ ಇಷ್ಟು ಅಂಕ ಅಥವಾ ಎಲ್ಲ ಪತ್ರಿಕೆಯಲ್ಲೂ ತೇರ್ಗಡೆ ಎಂದು ಅಳತೆ ಹೇಳಿ. ನಮ್ಮ ಸಲಹೆ ಕೇಳಿದರೆ, ತೇರ್ಗಡೆಯೇ ಸಾಕು. ಮೊದಲ ಸ್ಥಾನದವರಿಗೆ ಕೊಡುವವರು ಬೇಕಾದಷ್ಟಿದ್ದಾರೆ. ಮೂರನೆಯದು ಅವಧಿ. ‘ಮೊದಲನೇ ಸೆಮಿಸ್ಟರಿನಲ್ಲಿ ಆಯ್ಕೆಯಾದವರಿಗೆ ಕೋರ್ಸು ಮುಗಿಯುವವರೆಗೆ’ ಎಂದಿದ್ದರೆ ವಿದ್ಯಾರ್ಥಿಗೆ ಧೈರ್ಯ ಬರುತ್ತದೆ, ಆದರೆ ಒಬ್ಬರಿಗೇ ಎರಡು ವರ್ಷ ಮೀಸಲಾಗುವುದರಿಂದ ಇಡಗಂಟು ಆ ಲೆಕ್ಕಕ್ಕೆ ಸಾಕಾಗಬೇಕು. ಜಾತಿ, ಒಳಪಂಗಡದ ಷರತ್ತು ದಯವಿಟ್ಟು ಹಾಕಬೇಡಿ. ಸಾರ್ವಜನಿಕ ವಿಶ್ವವಿದ್ಯಾಲಯದಲ್ಲಿ ಅದು ಕಡತವನ್ನೇ ನಿಲ್ಲಿಸಬಹುದು. ಅದಕ್ಕಿಂತ ಹೆಚ್ಚಾಗಿ, ತರಗತಿಯಲ್ಲಿ ಎಲ್ಲರಿಗೂ ಒಂದೇ ಪಾಠ ಹೇಳಿದವರ ಹೆಸರಿಗೆ ಅದು ಒಪ್ಪುವುದಿಲ್ಲ.

ಪ್ರಾಥಮಿಕ ಶಾಲೆಯಲ್ಲೋ ಹೈಸ್ಕೂಲಿನಲ್ಲೋ ಪಾಠ ಹೇಳಿದವರಾದರೆ ವಿಶ್ವವಿದ್ಯಾಲಯದಲ್ಲಿ ಸರಿಯಾದ ಜಾಗ ಶಿಕ್ಷಣ ವಿಭಾಗ. ಬಿ.ಎಡ್. ವಿದ್ಯಾರ್ಥಿಗಳು ಶಾಲೆಗಳಿಗೆ ಹೋಗಿ ಪಾಠ ಮಾಡುವ ಅವಧಿಯಲ್ಲಿ ಓಡಾಟಕ್ಕೆ, ಚಾರ್ಟಿಗೆ, ಪಾಠೋಪಕರಣಕ್ಕೆ ಕೈಯಿಂದ ಖರ್ಚು ಮಾಡುತ್ತಾರೆ. ಒಬ್ಬೊಬ್ಬರಿಗೆ 2,000 ರೂಪಾಯಿಯಂತೆ ಎಂಟು ಜನರಿಗೆ ಕೊಟ್ಟರೂ ವರ್ಷಕ್ಕೆ 16,000. ಟೀಚರಮ್ಮನ ಹೆಸರು ನಾಳೆ ಶಾಲೆ ಸೇರುವ ಎಂಟು ಜನ ಟೀಚರುಗಳ ಬಾಯಲ್ಲಿ ಉಳಿಯುತ್ತದೆ. ಕೊಟ್ಟ ಹಣಕ್ಕೆ ಇಷ್ಟು ಫಲ ಕೊಡುವ ದತ್ತಿ ಇನ್ನೊಂದಿಲ್ಲ, ಆದರೂ ಇದನ್ನು ಕೇಳುವವರು ತೀರ ಕಡಿಮೆ.

ದತ್ತಿ ಉಪನ್ಯಾಸ ಕನ್ನಡದವರಿಗೆ ಹೊಸದಲ್ಲ. 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತು ಈ ಪದ್ಧತಿಯನ್ನು ತಾಲ್ಲೂಕು ತಾಲ್ಲೂಕಿಗೆ ಮುಟ್ಟಿಸಿದೆ. ವಿಶ್ವವಿದ್ಯಾಲಯಗಳಲ್ಲೂ ಇದು ನಡೆದುಬಂದಿದೆ. ಚೆನ್ನಾಗಿ ನಡೆದರೆ ಮೇಷ್ಟ್ರಿಗೆ ಇದಕ್ಕಿಂತ ತಕ್ಕ ಗೌರವ ಬೇರೆ ಇಲ್ಲ. ಖರ್ಚು ಹೀಗೆ: ಉಪನ್ಯಾಸಕರಿಗೆ ಗೌರವಧನ 5,000, ಹೊರ ಊರಿನವರಾದರೆ ಪ್ರಯಾಣಕ್ಕೆ 3,000ರಿಂದ 4,000, ನೂರು ಜನಕ್ಕೆ ಚಹಾ ತಿಂಡಿ 3,000, ಬ್ಯಾನರು, ಆಹ್ವಾನಪತ್ರ, ಹಾರ 2,000, ವಿಡಿಯೊ ದಾಖಲೆಗೆ 5,000. ಒಟ್ಟು 18ರಿಂದ 19 ಸಾವಿರ. ಅರ್ಧ ಬಡ್ಡಿಯ ಲೆಕ್ಕದಲ್ಲಿ ಆರು ಲಕ್ಷದ ಇಡಗಂಟು ಬೇಕು. ಒಂದು ಲಕ್ಷ ಇಟ್ಟು ‘ಪ್ರತಿ ವರ್ಷ ಉಪನ್ಯಾಸ ಏರ್ಪಡಿಸತಕ್ಕದ್ದು’ ಎಂದರೆ ಮೂರನೇ ವರ್ಷಕ್ಕೆ ಅದು ಇನ್ನೆರಡು ದತ್ತಿಗಳ ಜೊತೆ ಸೇರಿ ಒಂದೇ ಮಧ್ಯಾಹ್ನ ಮುಗಿಯುತ್ತದೆ. ದುಡ್ಡು ಕಡಿಮೆಯಿದ್ದರೆ ಎರಡು ವರ್ಷಕ್ಕೊಮ್ಮೆ ಎಂದು ಬರೆಯಿಸುವುದು ಲೇಸು.

ಉಪನ್ಯಾಸ ಕೆಡುವುದು ದುಡ್ಡಿಗಿಂತ ದಿನಾಂಕದಿಂದ. ಆರ್ಥಿಕ ವರ್ಷ ಮುಗಿಯುವ ಮುನ್ನ ಖರ್ಚು ತೋರಿಸಬೇಕೆಂದು ಮಾರ್ಚಿನಲ್ಲಿ ಇಟ್ಟುಬಿಡುತ್ತಾರೆ. ಪರೀಕ್ಷೆಯ ಹೊತ್ತು, ಸಭಾಂಗಣ ಖಾಲಿ. ದತ್ತಿಪತ್ರದಲ್ಲೇ ‘ತರಗತಿಗಳು ನಡೆಯುತ್ತಿರುವ ಅವಧಿಯಲ್ಲಿ, ಸೆಮಿಸ್ಟರ್ ಆರಂಭವಾದ ಆರನೇ ವಾರದಿಂದ ಹತ್ತನೇ ವಾರದೊಳಗೆ’ ಎಂದು ಕಟ್ಟಿಹಾಕಿ. ವಿಷಯ ಆ ಸೆಮಿಸ್ಟರಿನ ಯಾವುದಾದರೂ ಒಂದು ಪತ್ರಿಕೆಗೆ ಸಂಬಂಧಪಟ್ಟಿರಬೇಕು ಎಂಬ ಸಾಲೂ ಇರಲಿ. ಆಗ ವಿದ್ಯಾರ್ಥಿಗಳು ಹಾಜರಿಗಾಗಿ ಕೂರದೆ ಕೇಳುವುದಕ್ಕೆ ಬರುತ್ತಾರೆ. ಭಾಷಣದ ಬರಹವನ್ನು ಮೊದಲೇ ಪಡೆದು ಗೌರವಧನದ ಅರ್ಧವನ್ನು ಬರಹ ಕೈಸೇರಿದ ಮೇಲೆ ಕೊಡುವ ಏರ್ಪಾಡು ಮಾಡಿದರೆ ಹತ್ತು ವರ್ಷಕ್ಕೊಂದು ಒಳ್ಳೆಯ ಪುಸ್ತಕವಾಗುವಷ್ಟು ಸಾಮಗ್ರಿ ಕೂಡಿರುತ್ತದೆ.

ಮನೆಯಲ್ಲಿರುವ ಅಪ್ಪನ ಪುಸ್ತಕಗಳನ್ನು ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಕೊಡುವುದು ಹಣವಿಲ್ಲದೆಯೂ ಆಗುವ ಕೊಡುಗೆ ಎಂದು ಬಹಳ ಜನ ಅಂದುಕೊಳ್ಳುತ್ತಾರೆ. ಹಾಗಿಲ್ಲ. ಸಾವಿರ ಪುಸ್ತಕಕ್ಕೆ 25ರಿಂದ 30 ಮೀಟರ್ ಕಪಾಟು ಬೇಕು. ಪ್ರತಿಯೊಂದಕ್ಕೂ ದಾಖಲೆ ಸಂಖ್ಯೆ, ವರ್ಗೀಕರಣ, ಚೀಟಿ, ಬಾರ್‌ಕೋಡ್ ಆಗಬೇಕು. ಪಟ್ಟಿಯಿಲ್ಲದೆ ರಟ್ಟಿನ ಪೆಟ್ಟಿಗೆಗಳಲ್ಲಿ ತಂದಿಳಿಸಿದ ಸಂಗ್ರಹಗಳು ಪೆಟ್ಟಿಗೆಯಲ್ಲೇ ಗೆದ್ದಲು ಹಿಡಿಯುತ್ತವೆ. ಕೊಡುವ ಮೊದಲು ಶೀರ್ಷಿಕೆ, ಲೇಖಕರು, ಪ್ರಕಾಶಕರು, ವರ್ಷ ಎಂಬ ನಾಲ್ಕು ಕಾಲಮಿನ ಪಟ್ಟಿ ಮಾಡಿ ಗ್ರಂಥಪಾಲಕರಿಗೆ ಕಳಿಸಿ. ಅವರ ಬಳಿ ಈಗಾಗಲೇ ಇರುವ ಪಠ್ಯಪುಸ್ತಕಗಳನ್ನು ಅವರು ಬೇಡವೆಂದರೆ ಬೇಸರ ಬೇಡ; ಅವು ತಾಲ್ಲೂಕಿನ ಪದವಿ ಕಾಲೇಜಿಗೆ ಹೋಗಲಿ. ವಿಶ್ವವಿದ್ಯಾಲಯಕ್ಕೆ ನಿಜವಾಗಿ ಬೆಲೆಯುಳ್ಳವು ಬೇರೆ ಇವೆ: ಅಚ್ಚಿನಲ್ಲಿಲ್ಲದ ಪುಸ್ತಕಗಳು, ಬಿಡಿ ಸಂಚಿಕೆಗಳು, ಮೇಷ್ಟ್ರು ಅಂಚಿನಲ್ಲಿ ಟಿಪ್ಪಣಿ ಬರೆದ ಪ್ರತಿಗಳು, ಕೈಬರಹದ ಪಾಠ ಟಿಪ್ಪಣಿ, ಕ್ಷೇತ್ರಕಾರ್ಯದ ಕ್ಯಾಸೆಟ್ಟುಗಳು. ಇವನ್ನು ಕೊಡುವ ಮುನ್ನ ಸ್ಕ್ಯಾನ್ ಮಾಡಿಸಿ ಒಂದು ಪ್ರತಿ ಮನೆಯಲ್ಲಿಟ್ಟುಕೊಳ್ಳಿ. ಪುಸ್ತಕದ ಜೊತೆ ಸಂಸ್ಕರಣೆಗೆಂದು ಸ್ವಲ್ಪ ಹಣವನ್ನೂ ಕೊಟ್ಟರೆ ಕೆಲಸ ಬೇಗ ಆಗುತ್ತದೆ. ಪ್ರತಿ ಪುಸ್ತಕದ ಒಳರಕ್ಷಾಪುಟಕ್ಕೆ ಅಂಟಿಸುವ ‘ಇವರ ಸಂಗ್ರಹದಿಂದ’ ಚೀಟಿಯನ್ನು ನೀವೇ ಅಚ್ಚು ಹಾಕಿಸಿ ಕೊಡಿ. ಪ್ರತ್ಯೇಕ ಕಪಾಟು, ಪ್ರತ್ಯೇಕ ಕೊಠಡಿ ಎಂದು ಹಟ ಹಿಡಿಯಬೇಡಿ: ಪ್ರತ್ಯೇಕವಾದವು ಬೀಗದೊಳಗೆ ಸೇರುತ್ತವೆ, ಬೆರೆತವು ಓದುಗರ ಕೈಗೆ ಸಿಗುತ್ತವೆ.

ಅಧ್ಯಯನ ಪೀಠ, ಅಂದರೆ ಒಬ್ಬ ಪ್ರಾಧ್ಯಾಪಕರ ಹುದ್ದೆಯನ್ನೇ ದತ್ತಿಯಿಂದ ನಡೆಸುವುದು, ಸಾಮಾನ್ಯ ಕುಟುಂಬದ ಅಳವಿನದಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಏಳನೇ ವೇತನ ಶ್ರೇಣಿಯಲ್ಲಿ ಪ್ರಾಧ್ಯಾಪಕರ ಆರಂಭದ ಮೂಲವೇತನ ತಿಂಗಳಿಗೆ 1,44,200 ರೂಪಾಯಿ. ಭತ್ಯೆ ಬಿಟ್ಟು ಮೂಲವೇತನಕ್ಕೇ ವರ್ಷಕ್ಕೆ 17 ಲಕ್ಷ ದಾಟುತ್ತದೆ. ಬಡ್ಡಿಯಲ್ಲಿ ಅಷ್ಟು ಬರಲು ಎರಡೂಮುಕ್ಕಾಲು ಕೋಟಿಯಷ್ಟು ಇಡಗಂಟು ಬೇಕು. ಹತ್ತು ಲಕ್ಷಕ್ಕೆ ‘ಪೀಠ’ದ ಹೆಸರು ಕೊಡುತ್ತೇವೆ ಎಂದು ಯಾರಾದರೂ ಒಪ್ಪಿದರೆ ಸಿಗುವುದು ಫಲಕವಷ್ಟೇ.

ಯಾವ ವಿಶ್ವವಿದ್ಯಾಲಯಕ್ಕೆ ಎನ್ನುವುದು ಹದಿನೈದು ವರ್ಷದ ಹಿಂದೆ ಪ್ರಶ್ನೆಯೇ ಆಗಿರಲಿಲ್ಲ. ಈಗ ಆಗಿದೆ. ಬೆಂಗಳೂರು ವಿಶ್ವವಿದ್ಯಾಲಯ 2017ರಲ್ಲಿ ಮೂರಾಯಿತು. ಹಾಸನ, ಚಾಮರಾಜನಗರ, ಕೊಡಗು, ಹಾವೇರಿ, ಬೀದರ್, ಕೊಪ್ಪಳ, ಬಾಗಲಕೋಟೆಗಳಿಗೆ ಹೊಸ ವಿಶ್ವವಿದ್ಯಾಲಯಗಳು ಬಂದವು. 2025ರಲ್ಲಿ ಅವುಗಳಲ್ಲಿ ಹಲವನ್ನು ಮುಚ್ಚುವ ವಿಚಾರ ಸರ್ಕಾರದ ಮಟ್ಟದಲ್ಲೇ ಚರ್ಚೆಗೆ ಬಂತು. ಹಾಸನದ ಕಾಲೇಜಿನಲ್ಲಿ ಮೂವತ್ತು ವರ್ಷ ಪಾಠ ಹೇಳಿದವರು ಆಗ ಇದ್ದದ್ದು ಮೈಸೂರು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿ, ಆ ಕಾಲೇಜು ಇಂದು ಇರುವುದು ಇನ್ನೊಂದರಲ್ಲಿ. ಇಂಥ ಕಡೆ ಎರಡು ದಾರಿ. ತಂದೆ ತಾಯಿ ಓದಿದ ಅಥವಾ ಪಾಠ ಹೇಳಿದ ಸ್ನಾತಕೋತ್ತರ ವಿಭಾಗಕ್ಕೇ ಕೊಡುವುದು ಒಂದು. ವಿಭಾಗಗಳು ಸುಲಭವಾಗಿ ಅಳಿಯುವುದಿಲ್ಲ. ಇನ್ನೊಂದು, ವಿಶ್ವವಿದ್ಯಾಲಯದ್ದೇ ಆದ ಘಟಕ ಕಾಲೇಜು: ಮೈಸೂರಿನ ಮಹಾರಾಜ ಕಾಲೇಜು, ಯುವರಾಜ ಕಾಲೇಜು, ಧಾರವಾಡದ ಕರ್ನಾಟಕ ಕಾಲೇಜಿನಂಥವು. ಪಾಠ ಹೇಳಿದ ಕೊಠಡಿಗೆ ಹತ್ತಿರ ಇದ್ದಷ್ಟೂ ದತ್ತಿಯನ್ನು ನೆನಪಿನಿಂದ ಕಾಯುವವರು ಇರುತ್ತಾರೆ.

ದತ್ತಿಪತ್ರದ ಭಾಷೆಯಲ್ಲಿ ಆಗುವ ತಪ್ಪು ತಿದ್ದುವುದು ಕಷ್ಟ, ಯಾಕೆಂದರೆ ಬರೆಯುವಾಗ ಸರಿಯಾಗಿದ್ದದ್ದು ಆಮೇಲೆ ತಪ್ಪಾಗುತ್ತದೆ. ‘ಬಿ.ಎ. ಮೂರೂ ವರ್ಷ ಐಚ್ಛಿಕ ಕನ್ನಡದಲ್ಲಿ ಅತಿ ಹೆಚ್ಚು ಅಂಕ’ ಎಂಬ ಹಳೆಯ ಷರತ್ತನ್ನೇ ನೋಡಿ. ಸೆಮಿಸ್ಟರ್ ಬಂತು, ಅಂಕದ ಜಾಗಕ್ಕೆ ಸಿಜಿಪಿಎ ಎಂಬ ಸರಾಸರಿ ಗ್ರೇಡು ಬಂತು, 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಚೌಕಟ್ಟು ಬಂತು, 2024-25ರಲ್ಲಿ ಮತ್ತೆ ಮೂರು ವರ್ಷದ ಪದವಿ. ಪ್ರತಿ ತಿರುವಿನಲ್ಲೂ ಪರೀಕ್ಷಾ ವಿಭಾಗದವರು ‘ಈ ಷರತ್ತಿಗೆ ಅರ್ಹರು ಯಾರೂ ಇಲ್ಲ’ ಎಂದು ಬರೆದು ಆ ವರ್ಷ ಬಿಟ್ಟುಬಿಡುವುದಕ್ಕೆ ಅವಕಾಶವಾಗುತ್ತದೆ. ಸ್ವಾಯತ್ತ ಕಾಲೇಜಿನ ವಿದ್ಯಾರ್ಥಿಗಳು ಲೆಕ್ಕಕ್ಕೆ ಬರುತ್ತಾರೋ ಇಲ್ಲವೋ ಎಂಬುದೂ ಬರೆದಿರುವುದಿಲ್ಲ. ಆದ್ದರಿಂದ ಈ ನಾಲ್ಕು ವಾಕ್ಯಗಳನ್ನು ತಪ್ಪದೆ ಸೇರಿಸಿ. ‘ವಿಷಯ ಅಥವಾ ಪದವಿಯ ಹೆಸರು ಬದಲಾದಲ್ಲಿ, ಬೇರೆ ವಿಷಯದೊಡನೆ ಸೇರಿದಲ್ಲಿ ಅಥವಾ ನಿಂತುಹೋದಲ್ಲಿ, ವಿಭಾಗೀಯ ಪರಿಷತ್ತಿನ ಶಿಫಾರಸಿನಂತೆ ಅತಿ ಸಮೀಪದ ವಿಷಯದ ವಿದ್ಯಾರ್ಥಿಗೆ ನೀಡತಕ್ಕದ್ದು.’ ‘ಸಮಾನ ಅಂಕವಿದ್ದಲ್ಲಿ ಮೊತ್ತವನ್ನು ಹಂಚತಕ್ಕದ್ದು.’ ‘ವಿಶ್ವವಿದ್ಯಾಲಯ ವಿಭಜನೆಯಾದಲ್ಲಿ ಅಥವಾ ವಿಲೀನವಾದಲ್ಲಿ, ಸಂಬಂಧಪಟ್ಟ ವಿಭಾಗ ಸೇರುವ ವಿಶ್ವವಿದ್ಯಾಲಯಕ್ಕೆ ಇಡಗಂಟು ಸಂಚಿತ ಬಡ್ಡಿಸಹಿತ ವರ್ಗವಾಗತಕ್ಕದ್ದು.’ ‘ದಾನಿಯ ಕುಟುಂಬದವರು ಅಥವಾ ಹಳೆಯ ವಿದ್ಯಾರ್ಥಿಗಳು ಯಾವಾಗ ಬೇಕಾದರೂ ಈ ಇಡಗಂಟಿಗೆ ಹಣ ಸೇರಿಸಬಹುದು.’ ಕೊನೆಯದು ಚಿಕ್ಕದೆನಿಸುತ್ತದೆ. ಮೇಷ್ಟ್ರ ಶಿಷ್ಯರು ಮುಂದೆ ಬಂದು ಐದೈದು ಸಾವಿರ ಕೊಡುವುದಕ್ಕೆ ಬಾಗಿಲು ತೆರೆಯುವುದು ಅದೇ.

ಕಚೇರಿಯ ದಾರಿ ಹೀಗಿರುತ್ತದೆ. ಮೊದಲು ವಿಭಾಗದ ಅಧ್ಯಕ್ಷರನ್ನು ಕಂಡು ಮಾತಾಡಿ, ವಿಭಾಗೀಯ ಪರಿಷತ್ತಿನಲ್ಲಿ ಠರಾವು ಮಾಡಿಸಿ. ಆಮೇಲೆ ಕುಲಸಚಿವರಿಗೆ ಪತ್ರ, ಜೊತೆಗೆ ಕರಡು ದತ್ತಿಪತ್ರ, ತಂದೆ ಅಥವಾ ತಾಯಿಯ ಒಂದು ಪುಟದ ಪರಿಚಯ, ದಾನಿಯ ಪ್ಯಾನ್ ಪ್ರತಿ. ಅಲ್ಲಿಂದ ಹಣಕಾಸು ಅಧಿಕಾರಿಯ ಅಭಿಪ್ರಾಯಕ್ಕೆ, ಬಳಿಕ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟ್ ಒಪ್ಪಿಗೆಗೆ. ಪದಕ, ಬಹುಮಾನಗಳಾದರೆ ಪರೀಕ್ಷಾ ವಿಭಾಗಕ್ಕೂ ಪ್ರತಿ ಹೋಗಬೇಕು. ಅದು ಹೋಗದಿದ್ದರೆ ದತ್ತಿ ಹಣಕಾಸು ವಿಭಾಗದ ಪುಸ್ತಕದಲ್ಲಿರುತ್ತದೆ, ಘಟಿಕೋತ್ಸವದ ಪಟ್ಟಿಯಲ್ಲಿರುವುದಿಲ್ಲ. ಸಿಂಡಿಕೇಟ್ ಸಭೆಗಳನ್ನು ಕಾಯಬೇಕಾದ್ದರಿಂದ ಕೆಲವು ತಿಂಗಳು ಹಿಡಿಯುವುದು ಮಾಮೂಲು. ಒಪ್ಪಿಗೆಯ ಆದೇಶ ಕೈಗೆ ಬರುವ ತನಕ ಹಣ ಕೊಡಬೇಡಿ. ಮೊದಲೇ ಕೊಟ್ಟ ಡಿ.ಡಿ. ಸಾಮಾನ್ಯ ಖಾತೆಗೆ ಜಮೆಯಾಗಿ, ‘ಯಾವ ಲೆಕ್ಕಕ್ಕೆ’ ಎಂಬ ಟಿಪ್ಪಣಿಯಲ್ಲೇ ವರ್ಷ ಕಳೆಯಬಹುದು. ಹಣ ಕೊಡುವಾಗಿನ ಪತ್ರದಲ್ಲಿ ‘ಈ ಮೊತ್ತವನ್ನು ಶಾಶ್ವತ ಮೂಲಧನವಾಗಿ ಇಡತಕ್ಕದ್ದು’ ಎಂಬ ವಾಕ್ಯ, ಆದೇಶದ ಸಂಖ್ಯೆ, ದಿನಾಂಕ ಇರಲಿ. ಹೆಸರಿನ ಕಾಗುಣಿತವನ್ನು ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರೆದು ಕೊಡಿ; ಆದೇಶದಲ್ಲಿ ತಪ್ಪಾದ ಇನಿಷಿಯಲ್ ಪ್ರತಿ ವರ್ಷದ ಪಟ್ಟಿಯಲ್ಲೂ ತಪ್ಪಾಗಿಯೇ ಮೂಡುತ್ತದೆ.

ತೆರಿಗೆ ವಿನಾಯಿತಿಯನ್ನು ನೆಚ್ಚಿಕೊಂಡು ಮೊತ್ತ ತೀರ್ಮಾನಿಸಬೇಡಿ. ಎಲ್ಲರ ಬಾಯಲ್ಲಿ 80ಜಿ (ಹಳೆಯ ಆದಾಯ ತೆರಿಗೆ ಕಾಯ್ದೆಯ ಕಲಮು) ಎಂದೇ ಇರುವ ಈ ಸೌಲಭ್ಯ ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ. ಹೊಸ ಪದ್ಧತಿಯಲ್ಲಿ ಸಿಗುವುದಿಲ್ಲ. ಸರ್ಕಾರಿ ವಿಶ್ವವಿದ್ಯಾಲಯ ಎಂದ ಮಾತ್ರಕ್ಕೆ ಅನುಮೋದನೆ ಇದ್ದೇ ಇರುತ್ತದೆ ಎಂದೂ ಅಲ್ಲ, ಕೇಳಿ ತಿಳಿಯಬೇಕು. 2,000 ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ಟರೆ ವಿನಾಯಿತಿ ಇಲ್ಲ. ಸಾಮಾನ್ಯವಾಗಿ ಅನ್ವಯವಾಗುವ ಶೇ. 50ರ ವರ್ಗದಲ್ಲಿ, ಲೆಕ್ಕಕ್ಕೆ ಹಿಡಿಯುವ ದಾನ ಆದಾಯದ ಶೇ. 10ನ್ನು ಮೀರುವಂತಿಲ್ಲ. 12 ಲಕ್ಷ ಆದಾಯದ ಒಬ್ಬರು 5 ಲಕ್ಷ ಕೊಟ್ಟರೆ ಲೆಕ್ಕಕ್ಕೆ ಬರುವುದು 1,20,000. ಅದರ ಅರ್ಧ 60,000 ಮಾತ್ರ ಕಡಿತ. ಅದೇ ಐದು ಲಕ್ಷವನ್ನು ಅಷ್ಟೇ ಆದಾಯವಿರುವ ನಾಲ್ವರು ಅಣ್ಣತಮ್ಮ ಅಕ್ಕತಂಗಿಯರು ತಲಾ 1,25,000ದಂತೆ ತಮ್ಮ ತಮ್ಮ ಖಾತೆಯಿಂದ ಕೊಟ್ಟು ಬೇರೆ ಬೇರೆ ರಸೀದಿ ಪಡೆದರೆ ಕಡಿತ ಹೆಚ್ಚುಕಡಿಮೆ ನಾಲ್ಕರಷ್ಟಾಗುತ್ತದೆ. ಮನೆಯಲ್ಲಿ ಯಾರೂ ಹೊರಗುಳಿಯಲಿಲ್ಲ ಎನ್ನುವ ಸಮಾಧಾನ ಅದಕ್ಕಿಂತ ದೊಡ್ಡದು. ರಸೀದಿ ಒಂದೇ ಸಾಲದು. ವಿಶ್ವವಿದ್ಯಾಲಯ ತೆರಿಗೆ ಇಲಾಖೆಗೆ ದಾನಿಗಳ ವಿವರ ಸಲ್ಲಿಸಿ ಪ್ರಮಾಣಪತ್ರ ತೆಗೆದುಕೊಡಬೇಕು. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿರುವುದರಿಂದ ಕಲಮಿನ ಸಂಖ್ಯೆಯನ್ನು ಲೆಕ್ಕಪರಿಶೋಧಕರಿಂದ ಖಚಿತಪಡಿಸಿಕೊಳ್ಳಿ.

ವಿದೇಶದಲ್ಲಿರುವ ಮಕ್ಕಳಿಗೆ ಒಂದು ಮಾತು. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದ ಹಣ ವಿದೇಶಿ ದೇಣಿಗೆ ಎನಿಸುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರದ್ದು, ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಓಸಿಐ ಕಾರ್ಡ್ ಇದ್ದರೂ, ವಿದೇಶಿ ದೇಣಿಗೆಯೇ. ಅದನ್ನು ಪಡೆಯಲು ವಿಶ್ವವಿದ್ಯಾಲಯಕ್ಕೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿಯೋ ವಿನಾಯಿತಿಯೋ ಇರಬೇಕು. ಹಣಕಾಸು ಅಧಿಕಾರಿಯಿಂದ ಬರಹದಲ್ಲಿ ಉತ್ತರ ಬರುವ ಮೊದಲು ಡಾಲರ್ ಕಳಿಸಬೇಡಿ. ಮೈಸೂರಿನಲ್ಲೋ ಶಿವಮೊಗ್ಗದಲ್ಲೋ ಇರುವ ಅಣ್ಣನ ಪಾಲು ಮೊದಲು ಸೇರಲಿ.

ದತ್ತಿ ಇಟ್ಟ ಮೇಲೆ ವರ್ಷಕ್ಕೊಂದು ಕಾಗದ ಬರೆಯುವ ಕೆಲಸ ಮನೆಯವರದ್ದು. ಏಪ್ರಿಲ್ ಕೊನೆಗೆ ಹಣಕಾಸು ಅಧಿಕಾರಿಗೆ ಮೂರು ಪ್ರಶ್ನೆ: ಮಾರ್ಚ್ 31ಕ್ಕೆ ಇಡಗಂಟು ಎಷ್ಟು, ಬಡ್ಡಿ ಎಷ್ಟು ಬಂತು, ಯಾರಿಗೆ ಎಷ್ಟು ಕೊಟ್ಟಿರಿ. ಠೇವಣಿಗಳು ಕಳೆದುಹೋಗುವುದು ಕೆಟ್ಟ ಉದ್ದೇಶದಿಂದಲ್ಲ, ಮರೆವಿನಿಂದ. ಅವಧಿ ಮುಗಿದು ನವೀಕರಣವಾಗದೆ ಬಿದ್ದಿರುತ್ತವೆ. ಕಡತ ನೋಡಿಕೊಳ್ಳುವ ವಿಷಯ ನಿರ್ವಾಹಕರು ವರ್ಗವಾದ ಮೇಲೆ ಕಡತ ಯಾವ ಬೀರುವಿನಲ್ಲಿದೆ ಎಂದು ತಿಳಿಯುವುದಿಲ್ಲ. ಬ್ಯಾಂಕುಗಳೂ ಬದಲಾಗಿವೆ: ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದೊಳಗೆ, ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದೊಳಗೆ, ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾದೊಳಗೆ, ಕಾರ್ಪೊರೇಷನ್ ಬ್ಯಾಂಕ್ ಅದೇ ವರ್ಷ ಯೂನಿಯನ್ ಬ್ಯಾಂಕಿನೊಳಗೆ ಸೇರಿದವು. ಹಳೆಯ ರಸೀದಿಯಲ್ಲಿರುವ ಬ್ಯಾಂಕಿನ ಹೆಸರನ್ನೇ ಹಿಡಿದು ಹುಡುಕಿದರೆ ಸಿಗದು. ಹತ್ತು ವರ್ಷ ಯಾರೂ ಕೇಳದ ಠೇವಣಿಯನ್ನು ಬ್ಯಾಂಕು ರಿಸರ್ವ್ ಬ್ಯಾಂಕಿನ ನಿಧಿಗೆ ಕಳಿಸುತ್ತದೆ; ಅಲ್ಲಿಂದ ಮರಳಿ ಪಡೆಯಬಹುದು, ಅರ್ಜಿ ಹಾಕಬೇಕಾದವರು ವಿಶ್ವವಿದ್ಯಾಲಯದವರು.

ಹಾಗಾಗಿ ಹೊಸ ದತ್ತಿ ಇಡುವ ಮೊದಲು, ಅದೇ ವಿಭಾಗದಲ್ಲಿ ನಿಮ್ಮ ಮನೆಯವರದ್ದೋ ಮೇಷ್ಟ್ರ ಗುರುಗಳದ್ದೋ ಹಳೆಯ ದತ್ತಿ ಇದೆಯೇ ಎಂದು ವಿಚಾರಿಸಿ. 1980ರಲ್ಲಿ 10,000 ರೂಪಾಯಿಯಿಂದ ಶುರುವಾಗಿ ಈಗ ವರ್ಷಕ್ಕೆ 650 ರೂಪಾಯಿ ಹುಟ್ಟುವ ಬಹುಮಾನವೊಂದಕ್ಕೆ ನಾಲ್ಕು ಲಕ್ಷ ಸೇರಿಸಿ, ಇಬ್ಬರ ಹೆಸರನ್ನೂ ಜೋಡಿಸಿ ಸಹಾಯಧನವಾಗಿ ಮಾಡಿಕೊಡಿ ಎಂದು ಕೇಳಿದರೆ, ಗುರು ಶಿಷ್ಯರಿಬ್ಬರೂ ಒಂದೇ ಆದೇಶದಲ್ಲಿ ಉಳಿಯುತ್ತಾರೆ. ಇದಕ್ಕೂ ಸಿಂಡಿಕೇಟ್ ಒಪ್ಪಿಗೆ ಬೇಕು, ಹಳೆಯ ದಾನಿಯ ಮನೆಯವರು ಸಿಕ್ಕರೆ ಅವರ ಒಪ್ಪಿಗೆಪತ್ರವೂ ಬೇಕು. ಹಳೆಯ ದತ್ತಿಯ ಸ್ಥಿತಿ ಕಚೇರಿಯಲ್ಲಿ ತಿಳಿಯದಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಕೊಡಿ; 30 ದಿನದೊಳಗೆ ಉತ್ತರ ಕೊಡಬೇಕು. ಕರ್ನಾಟಕದ ನಿಯಮದಲ್ಲಿ ಅರ್ಜಿ ಒಂದೇ ವಿಷಯಕ್ಕೆ, 150 ಪದದೊಳಗೆ ಇರಬೇಕು. ದತ್ತಿಯ ಹೆಸರು, ಸ್ಥಾಪನೆಯಾದ ವರ್ಷ, ಇಂದಿನ ಮೊತ್ತ, ಠೇವಣಿ ಇರುವ ಬ್ಯಾಂಕು, ಕೊನೆಯ ಸಲ ಯಾರಿಗೆ ಕೊಡಲಾಯಿತು ಎಂದು ಐದು ಸಾಲಿನಲ್ಲಿ ಕೇಳಿದರೆ ಸಾಕು.